ಸಣ್ಣ ಊರಲ್ಲಿರೋರಿಗೆ ಆಕ್ಯುಪೇಷನಲ್ ಥೆರಪಿಸ್ಟ್ ಹುಡುಕೋದು ಹೇಗೆ: ಬೆಂಗಳೂರಲ್ಲಿ ಕೂತು ಊರಿನವರನ್ನ ನೋಡ್ಕೊಳ್ಳೋರಿಗೆ

ಊರಲ್ಲಿರೋ ಅಪ್ಪಂಗೆ ಸ್ಟ್ರೋಕ್ ಆಗಿ, ಬೆಂಗಳೂರಿಗೆ ಕರ್ಕೊಂಡು ಬಂದು ಟ್ರೀಟ್‌ಮೆಂಟ್ ಕೊಡ್ಸಿ ವಾಪಸ್ ಕಳ್ಸೋವಾಗ ಡಿಸ್ಚಾರ್ಜ್ ಸಮ್ಮರಿ ಕೊನೇಲಿ ಒಂದು ಸಾಲು ಇರುತ್ತೆ, ಫಿಸಿಯೋಥೆರಪಿ ಮತ್ತು ಆಕ್ಯುಪೇಷನಲ್ ಥೆರಪಿ ಮುಂದುವರಿಸಿ ಅಂತ. ಫಿಸಿಯೋ ಈಗ ಬಹಳಷ್ಟು ತಾಲ್ಲೂಕು ಸೆಂಟರ್‌ಗಳಲ್ಲಿ ಸಿಗ್ತಾರೆ. ಆಕ್ಯುಪೇಷನಲ್ ಥೆರಪಿಸ್ಟ್, ಅಂದ್ರೆ ಸ್ನಾನ, ಊಟ, ಬಟ್ಟೆ ಥರದ ದಿನದ ಕೆಲಸ ಮತ್ತೆ ತಾವೇ ಮಾಡ್ಕೊಳ್ಳೋಕೆ ಕಲಿಸೋರು, ಸಿಗೋದು ಕಷ್ಟ. ಶಿಡ್ಲಘಟ್ಟ, ಶಿರಾ, ಅರಸೀಕೆರೆ, ಮಾಗಡಿ ಅಂತ ಮ್ಯಾಪಲ್ಲಿ ಹುಡುಕ್ತಾ ಹೋದ್ರೆ ಕೊನೆಗೆ ಬರೋದು ಬೆಂಗಳೂರಿನ ಅಡ್ರೆಸ್ಸೇ. ಆಮೇಲೆ ಜನ ಏನ್ ಮಾಡ್ತಾರೆ ಅಂದ್ರೆ ಆ ಅರ್ಧ ಸಾಲನ್ನ ಬಿಟ್ಟುಬಿಡ್ತಾರೆ. ಮಗುಗೆ ಆಟಿಸಂ ಅಂತಲೋ ಸೆರೆಬ್ರಲ್ ಪಾಲ್ಸಿ ಅಂತಲೋ ಗೊತ್ತಾದ ಮನೆಗಳಲ್ಲೂ ಇದೇ ಆಗುತ್ತೆ, ನಮ್ಮೂರಲ್ಲಿ ಇಲ್ವಲ್ಲ ಏನ್ ಮಾಡೋದು ಅಂತ ಒಂದು ವರ್ಷ ಹೋಗಿಬಿಡುತ್ತೆ, ಆ ವರ್ಷ ಮಗು ಪಾಲಿಗೆ ತುಂಬಾ ದೊಡ್ಡದು.

ಬಿಡಬೇಡಿ ಅಂತ ಹೇಳೋಕೇ ಇದನ್ನ ಬರೀತಿದೀನಿ. ನಿಮ್ಮೂರಲ್ಲಿ ಬೋರ್ಡ್ ಹಾಕ್ಕೊಂಡಿರೋ ಥೆರಪಿಸ್ಟ್ ಇಲ್ದೇ ಇರಬೋದು, ಆದ್ರೂ ಒಂದ್ಸಲ ಸರಿಯಾದವರ ಹತ್ರ ಪೂರ್ತಿ ಅಸೆಸ್‌ಮೆಂಟ್ ಮಾಡಿಸ್ಕೊಂಡು, ದಿನದ ಪ್ರಾಕ್ಟೀಸ್ ಮನೆಯವರು, ವಾರಕ್ಕೆ ಎರಡು ಮೂರು ಸಲ ಊರಿನ ಫಿಸಿಯೋ, ಆಗಾಗ ವಿಡಿಯೋ ಕಾಲಲ್ಲಿ ಆ ಥೆರಪಿಸ್ಟ್ ಅಂತ ಹಂಚ್ಕೊಂಡ್ರೆ ಕೆಲಸ ನಡೆಯುತ್ತೆ. ಹೇಗೆ ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲನೇ ಹೆಜ್ಜೆ: ಏನು ಮಾಡಕ್ಕಾಗ್ತಿಲ್ಲ ಅಂತ ಬರ್ಕೊಳ್ಳಿ

ಹುಡುಕೋಕೆ ಮುಂಚೆ ಒಂದು ನೋಟ್‌ಬುಕ್ ತಗೊಳ್ಳಿ. ಕಾಯಿಲೆ ಹೆಸರು ಬೇಡ, ಅದು ರಿಪೋರ್ಟಲ್ಲಿ ಇರುತ್ತೆ. ಬೆಳಗ್ಗೆ ಎದ್ದಾಗಿಂದ ರಾತ್ರಿ ಮಲಗೋವರೆಗೂ ಅವರಿಗೆ ಯಾವ್ಯಾವ ಕೆಲಸ ತಾವೇ ಮಾಡ್ಕೊಳಕ್ಕೆ ಆಗ್ತಿಲ್ಲ, ಯಾವುದಕ್ಕೆ ಅರ್ಧ ಸಹಾಯ ಬೇಕು, ಯಾವುದು ಮಾಡ್ತಾರೆ ಆದ್ರೆ ನಿಧಾನ, ಇದನ್ನ ಬರೀರಿ. ಹಾಸಿಗೆಯಿಂದ ಏಳೋದು, ಬಾತ್‌ರೂಮಿಗೆ ಹೋಗೋದು, ಹಲ್ಲುಜ್ಜೋದು, ಚೊಂಬಲ್ಲಿ ನೀರು ಎತ್ತಿ ಮೈಮೇಲೆ ಹಾಕ್ಕೊಳ್ಳೋದು, ಪಂಚೆ ಉಡೋದು, ಬ್ಲೌಸ್ ಹುಕ್ ಹಾಕ್ಕೊಳ್ಳೋದು, ಊಟ, ಮಾತ್ರೆ ಪಟ್ಟಿಯಿಂದ ಮಾತ್ರೆ ತೆಗೆಯೋದು, ಫೋನ್ ಎತ್ತೋದು. ಮಕ್ಕಳಾದ್ರೆ ಪೆನ್ಸಿಲ್ ಹಿಡಿಯೋದು, ಬಟನ್ ಹಾಕೋದು, ಊಟದಲ್ಲಿ ಕೆಲವು ಪದಾರ್ಥ ಬಾಯಿಗೇ ಇಡದೇ ಇರೋದು, ಮಿಕ್ಸಿ ಅಥವಾ ಕುಕ್ಕರ್ ಸದ್ದಿಗೆ ಕಿವಿ ಮುಚ್ಕೊಂಡು ಅಳೋದು, ತಲೆ ಬಾಚಕ್ಕೆ ಬಿಡದೇ ಇರೋದು.

ಇದೇ ಪಟ್ಟಿ ಮೇಲೆ ಆಕ್ಯುಪೇಷನಲ್ ಥೆರಪಿಸ್ಟ್ ಕೆಲಸ ಮಾಡೋದು. ಫಿಸಿಯೋ ಮುಖ್ಯವಾಗಿ ಮೈಯ ಬಲ, ಕೀಲುಗಳ ಚಲನೆ, ಬ್ಯಾಲೆನ್ಸ್, ನಡಿಗೆ ನೋಡ್ತಾರೆ. ಇವರು ಆ ಬಲವನ್ನ ದಿನದ ಕೆಲಸಕ್ಕೆ ಹೇಗೆ ತರೋದು ಅಂತ ನೋಡ್ತಾರೆ. ಬಲ ವಾಪಸ್ ಬರೋವರೆಗೂ ಕಾಯದೇ, ಇರೋ ಬಲದಲ್ಲೇ ಕೆಲಸ ಮಾಡೋ ದಾರಿ ಹುಡುಕ್ತಾರೆ, ಬೇಕಾದ್ರೆ ಕೈಗೆ ಸ್ಪ್ಲಿಂಟ್, ಅಂದ್ರೆ ಕೈಯನ್ನ ಸರಿಯಾದ ಭಂಗೀಲಿ ಹಿಡಿದಿಡೋ ಪಟ್ಟಿ, ಮಾಡ್ತಾರೆ, ಮನೆ ಬದಲಾಯಿಸೋದು ಹೇಗೆ ಅಂತ ಹೇಳ್ತಾರೆ. ಕೆಲವು ಕಡೆ ಎರಡೂ ಬೆರೆಯುತ್ತೆ, ಅದೇನು ತೊಂದ್ರೆ ಇಲ್ಲ.

ನಮ್ಮ ಚಿಕ್ಕಪ್ಪ ಗೌರಿಬಿದನೂರು ಕಡೆಯವರು, ಬಲಗೈ ಬಿದ್ದುಹೋಗಿತ್ತು. ಎಲ್ಲರೂ ಚಮಚ ಕೊಡ್ತಿದ್ರು, ಅವರು ಮುದ್ದೆ ಚಮಚದಲ್ಲಿ ತಿನ್ನೋದಾ ಅಂತ ತಟ್ಟೆ ತಳ್ತಿದ್ರು. ಥೆರಪಿಸ್ಟ್ ಮೇಡಂ ಕೇಳಿದ ಮೊದಲನೇ ಪ್ರಶ್ನೆಗಳಲ್ಲಿ ಮನೇಲಿ ಏನು ಊಟ ಮಾಡ್ತೀರ, ನೆಲದ ಮೇಲೆ ಕೂತ್ಕೊಂಡಾ ಟೇಬಲಲ್ಲಾ ಅನ್ನೋದೂ ಇತ್ತು. ಆಮೇಲೆ ತಟ್ಟೆ ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ, ಅಂಚು ಎತ್ತರ ಇರೋ ತಟ್ಟೆ, ಮುದ್ದೆ ಸಣ್ಣ ಸಣ್ಣ ಉಂಡೆ ಮಾಡಿ ಎಡಗೈಲಿ ಸಾರಲ್ಲಿ ಅದ್ದೋದು, ಬಲಗೈ ತಟ್ಟೆ ಅಂಚಿನ ಮೇಲೆ ಇಟ್ಟು ಹಿಡ್ಕೊಂಡಿರೋದು, ಹೀಗೆ ಶುರು ಮಾಡ್ಸಿದ್ರು. ಆ ಮನುಷ್ಯ ತಾನೇ ಊಟ ಮಾಡಿದ ದಿನ ಮನೆ ಮೂಡೇ ಬದಲಾಯ್ತು. ಇದು ಸಣ್ಣ ವಿಷಯ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ.

ಎರಡನೇ ಹೆಜ್ಜೆ: ತಾಲ್ಲೂಕಲ್ಲಿ ಬೇಡ, ಜಿಲ್ಲೆಯಲ್ಲಿ ಹುಡುಕಿ

ತಾಲ್ಲೂಕು ಮಟ್ಟದಲ್ಲಿ ಸಿಗೋ ಚಾನ್ಸ್ ಕಡಿಮೆ, ಆದ್ದರಿಂದ ಜಿಲ್ಲಾ ಕೇಂದ್ರದಿಂದ ಶುರು ಮಾಡಿ. ಒಂದು ವಿಷಯ ಮೊದಲೇ ಹೇಳ್ತೀನಿ, ಆಸ್ಪತ್ರೆ ಕೌಂಟರಲ್ಲಿ "ಓಟಿ ಇದೆಯಾ" ಅಂತ ಕೇಳ್ಬೇಡಿ, ಆಪರೇಷನ್ ಥಿಯೇಟರ್ ಅಂದ್ಕೋತಾರೆ. ಪೂರ್ತಿ ಆಕ್ಯುಪೇಷನಲ್ ಥೆರಪಿ ಅನ್ನಿ, ಅದೂ ಅರ್ಥ ಆಗದಿದ್ರೆ "ಫಿಸಿಯೋಥೆರಪಿ ವಿಭಾಗಕ್ಕೆ ಕನೆಕ್ಟ್ ಮಾಡಿ" ಅನ್ನಿ, ಅಲ್ಲಿರೋರಿಗೆ ಖಂಡಿತ ಗೊತ್ತಿರುತ್ತೆ, ಜಿಲ್ಲೆಯಲ್ಲಿ ಯಾರಾದ್ರೂ ಇದ್ರೆ ಅವರೇ ಹೇಳ್ತಾರೆ. ನಿಜ ಹೇಳ್ಬೇಕಂದ್ರೆ ಇಂಟರ್‌ನೆಟ್‌ಗಿಂತ ಊರಿನ ಫಿಸಿಯೋನ ಕೇಳೋದೇ ವಾಸಿ, ಅವರವರ ವಾಟ್ಸಾಪ್ ಗ್ರೂಪ್‌ಗಳಿರುತ್ತೆ, ಒಂದೇ ಮೆಸೇಜಲ್ಲಿ ವಿಷಯ ಗೊತ್ತಾಗುತ್ತೆ.

ಮಕ್ಕಳಿಗಾದ್ರೆ ಜಿಲ್ಲಾ ಆಸ್ಪತ್ರೆಯಲ್ಲಿರೋ ಡಿಇಐಸಿ ಅಂದ್ರೆ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೆಳಗೆ ಬರೋ ಕೇಂದ್ರ ಇದು, ಹುಟ್ಟಿದ ಮಗುವಿಂದ 18 ವರ್ಷದವರೆಗೂ ನೋಡ್ತಾರೆ, ದುಡ್ಡಿಲ್ಲ. ಈ ಕಾರ್ಯಕ್ರಮದ ಟೀಮು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರ್ಬೇಕು, ಹಾಗಾಗಿ ಅಂಗನವಾಡಿ ಟೀಚರ್‌ನ ಕೇಳಿದ್ರೆ ಆ ಟೀಮಿನ ಡಾಕ್ಟ್ರ ಮೂಲಕ ರೆಫರ್ ಮಾಡಿಸ್ಕೊಬೋದು. ಪ್ರತಿ ಜಿಲ್ಲೆಯ ಡಿಇಐಸಿಯಲ್ಲೂ ಆಕ್ಯುಪೇಷನಲ್ ಥೆರಪಿಸ್ಟ್ ಇರ್ತಾರೆ ಅಂತ ನಂಬ್ಕೊಂಡು ಹೋಗ್ಬೇಡಿ, ಯಾರಿದ್ದಾರೆ, ಯಾವ ದಿನ ಇರ್ತಾರೆ ಅಂತ ಫೋನ್ ಮಾಡಿ ಕೇಳ್ಕೊಂಡು ಹೋಗಿ. ಥೆರಪಿಸ್ಟ್ ಇಲ್ಲದಿದ್ರೂ ಮಕ್ಕಳ ಡಾಕ್ಟ್ರು, ಸ್ಪೀಚ್, ಫಿಸಿಯೋ ಒಂದೇ ಕಡೆ ಸಿಕ್ಕಿ, ರೆಫರಲ್ ಲೆಟರ್ ಸಿಕ್ರೆ ಮುಂದಿನ ದಾರಿ ಸಲೀಸು.

ಶಾಲೆಗೆ ಹೋಗೋ ಮಗು ಆದ್ರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸ್ ಹತ್ರ ಇರೋ ಬಿಆರ್‌ಸಿ ಅಂದ್ರೆ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ ಬಿಐಇಆರ್‌ಟಿ ಯಾರು ಅಂತ ಕೇಳಿ. ವಿಶೇಷ ಅಗತ್ಯ ಇರೋ ಮಕ್ಕಳನ್ನ ನೋಡ್ಕೊಳ್ಳೋಕೇ ಇರೋ ಮೇಷ್ಟ್ರು ಅವರು, ತಾಲ್ಲೂಕಲ್ಲಿ ಯಾವ ಮಗುಗೆ ಎಲ್ಲಿ ಥೆರಪಿ ನಡೀತಿದೆ ಅಂತ ಅವರಿಗೆ ಗೊತ್ತಿರುತ್ತೆ. ದೊಡ್ಡವರಿಗಾದ್ರೆ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ವಿಆರ್‌ಡಬ್ಲ್ಯು, ತಾಲ್ಲೂಕಲ್ಲಿ ಎಂಆರ್‌ಡಬ್ಲ್ಯು, ಟೌನಲ್ಲಿ ಯುಆರ್‌ಡಬ್ಲ್ಯು ಅಂತ ಪುನರ್ವಸತಿ ಕಾರ್ಯಕರ್ತರು ಇರ್ತಾರೆ. ಬಹಳ ಜನಕ್ಕೆ ಇವರು ಇದ್ದಾರೆ ಅಂತಲೇ ಗೊತ್ತಿಲ್ಲ. ಅವರೇ ಅಂಗವೈಕಲ್ಯ ಇರೋರು ಆಗಿರ್ತಾರೆ ಸುಮಾರು ಕಡೆ, ಹಾಗಾಗಿ ಯಾವ ಆಫೀಸಲ್ಲಿ ಯಾರ ಹತ್ರ ಹೋದ್ರೆ ಕೆಲಸ ಆಗುತ್ತೆ ಅನ್ನೋದು ಚೆನ್ನಾಗಿ ಗೊತ್ತು. ಪಂಚಾಯ್ತಿ ಆಫೀಸಿಗೆ ಒಂದು ಫೋನ್ ಮಾಡಿ ಅವರ ನಂಬರ್ ತಗೊಳ್ಳಿ.

ಇನ್ನೂ ಮೂರು. ಮಧ್ಯ ಕರ್ನಾಟಕದ ಕಡೆಯವರಾದ್ರೆ ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಿಆರ್‌ಸಿ ಇದೆ, ಸಂಯುಕ್ತ ಪ್ರಾದೇಶಿಕ ಕೇಂದ್ರ ಅಂತಾರೆ, ಅಂಗವೈಕಲ್ಯ ಇರೋರ ಪುನರ್ವಸತಿಗೆ ಇರೋದು, ಚಿತ್ರದುರ್ಗ, ಹರಿಹರ, ರಾಣೆಬೆನ್ನೂರು ಕಡೆಯವರು ಬೆಂಗಳೂರಿಗೆ ಬರೋಕೆ ಮುಂಚೆ ಅಲ್ಲಿ ವಿಚಾರಿಸ್ಬೇಕು. ಕೋಲಾರ, ಮುಳಬಾಗಿಲು, ಕೆಜಿಎಫ್ ಕಡೆಯವರಿಗೆ ವೆಲ್ಲೂರಿನ ಸಿಎಂಸಿ ದೂರ ಅಲ್ಲ, ಅಲ್ಲಿ ಆಕ್ಯುಪೇಷನಲ್ ಥೆರಪಿ ಕಾಲೇಜೇ ಇದೆ, ರಿಹ್ಯಾಬ್ ಸೆಂಟರ್ 1966ರಿಂದ ನಡೀತಿದೆ. ಮಲೆನಾಡು ಕರಾವಳಿಯವರಿಗೆ ಮಣಿಪಾಲ, ಅಲ್ಲೂ ಈ ಕೋರ್ಸ್ ಇದೆ. ಕಾಲೇಜ್ ಇರೋ ಜಾಗದಲ್ಲಿ ಒಂದು ಅನುಕೂಲ ಏನಂದ್ರೆ ಸೀನಿಯರ್ಸ್ ಇರ್ತಾರೆ, ಜೊತೆಗೆ ನಿಮ್ಮ ತಾಲ್ಲೂಕಿಂದ ಬಂದು ಓದಿ ಹೋದೋರು ಯಾರಾದ್ರೂ ಇದ್ದಾರಾ ಅಂತ ಡಿಪಾರ್ಟ್‌ಮೆಂಟಲ್ಲಿ ಕೇಳ್ಬೋದು. ಕೇಳಿ, ಸಂಕೋಚ ಬೇಡ.

ಮೂರನೇ ಹೆಜ್ಜೆ: ಅಲ್ಲೂ ಸಿಗದಿದ್ರೆ ಬೆಂಗಳೂರಿಗೆ ಒಂದು ಸಲ

ಬೆಂಗಳೂರಿಗೆ ವಾರ ವಾರ ಕರ್ಕೊಂಡು ಬರೋ ಪ್ಲಾನ್ ಮಾಡ್ಬೇಡಿ, ಅದು ನಡೆಯಲ್ಲ, ಸ್ವಲ್ಪ ದಿನಕ್ಕೆ ಎಲ್ಲರೂ ಸುಸ್ತಾಗಿ ನಿಲ್ಲಿಸ್ಬಿಡ್ತಾರೆ. ಒಂದ್ಸಲ ಬನ್ನಿ, ನಿಮ್ಮ ಮನೇಲಿ ಎರಡು ಮೂರು ದಿನ ಉಳಿಸ್ಕೊಳ್ಳಿ, ಅಸೆಸ್‌ಮೆಂಟು, ಸ್ಪ್ಲಿಂಟು, ಮನೆಯವರಿಗೆ ಟ್ರೇನಿಂಗು ಎಲ್ಲಾ ಆ ಟೈಮಲ್ಲೇ ಮುಗಿಸಿ.

ನರಕ್ಕೆ ಸಂಬಂಧಪಟ್ಟಿದ್ದು, ಅಂದ್ರೆ ಸ್ಟ್ರೋಕ್, ತಲೆಗೆ ಏಟು, ಪಾರ್ಕಿನ್ಸನ್ಸ್, ಇವಕ್ಕೆ ಹೊಸೂರು ರೋಡಿನ ನಿಮ್ಹಾನ್ಸ್‌ನ ನ್ಯೂರೋ ರಿಹ್ಯಾಬಿಲಿಟೇಷನ್ ವಿಭಾಗ. ಕ್ಯೂ ಇರುತ್ತೆ, ಬೆಳಗ್ಗೆ ಬೇಗ ಹೋಗ್ಬೇಕು, ಹಳೇ ಸ್ಕ್ಯಾನ್ ಫಿಲ್ಮು ಎಲ್ಲಾ ಇರ್ಲಿ. ಮಾನಸಿಕ ಕಾಯಿಲೆ ಆಗಿ ಕೆಲಸ, ದಿನಚರಿ ಎಲ್ಲಾ ತಪ್ಪಿಹೋಗಿರೋರಿಗೂ ಅಲ್ಲೇ ಪ್ರತ್ಯೇಕ ರಿಹ್ಯಾಬ್ ವಿಭಾಗ ಇದೆ. ಮಕ್ಕಳ ಸೆರೆಬ್ರಲ್ ಪಾಲ್ಸಿ, ಆಟಿಸಂಗೆ ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, 1980ರಿಂದ ಇದೆ. ಲಿಂಗರಾಜಪುರದ ಎಪಿಡಿ ಅಂದ್ರೆ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಇನ್ನೂ ಹಳೇದು, 1959ರಲ್ಲಿ ಶುರುವಾಗಿದ್ದು, ಬೆನ್ನುಹುರಿ ಏಟಾದವರಿಗೂ ಸಣ್ಣ ಮಕ್ಕಳಿಗೂ ಅಲ್ಲಿ ಕೆಲಸ ನಡೆಯುತ್ತೆ, ಬೆಂಗಳೂರಿನ ಹೊರಗೂ ಕೆಲವು ಜಿಲ್ಲೆಗಳಲ್ಲಿ ಅವರ ಕೆಲಸ ಇದೆ, ಹಾಗಾಗಿ ಅಲ್ಲಿ ಫೋನ್ ಮಾಡಿದಾಗ ನಿಮ್ಮ ಜಿಲ್ಲೆ ಹೆಸರು ಹೇಳಿ ಅಲ್ಲಿ ಯಾರಾದ್ರೂ ಇದ್ದಾರಾ ಅಂತ ಮೊದಲೇ ಕೇಳಿ. ವೀಲ್‌ಚೇರ್, ಕೃತಕ ಕಾಲು, ಕಾಲಿಗೆ ಆಧಾರ ಕೊಡೋ ಕ್ಯಾಲಿಪರ್ ಇಂಥದ್ದಕ್ಕೆ ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ. ಪ್ರೈವೇಟ್ ಆಸ್ಪತ್ರೆಗಳಲ್ಲಿ ಪಿಎಂಆರ್ ಅಂತ ವಿಭಾಗ ಇದೆಯಾ ನೋಡಿ, ಸೇಂಟ್ ಜಾನ್ಸ್‌ನಲ್ಲಿ ಇದೆ, ಪಿಎಂಆರ್ ಡಾಕ್ಟ್ರು ಅಂದ್ರೆ ರಿಹ್ಯಾಬ್‌ನೇ ಸ್ಪೆಷಲೈಸ್ ಮಾಡಿರೋರು, ಥೆರಪಿಸ್ಟ್‌ಗಳ ಟೀಮು ಸಾಮಾನ್ಯವಾಗಿ ಅವರ ಜೊತೇಲಿರುತ್ತೆ.

ಕೈಗೆ ಮಷಿನ್ ಏಟಾಗಿ ನರ, ಸ್ನಾಯುರಜ್ಜು ಹೊಲಿಗೆ ಹಾಕಿಸ್ಕೊಳ್ಳೋರು ಮಾತ್ರ ಈ ಹುಡುಕಾಟವನ್ನ ಆಪರೇಷನ್‌ಗೆ ಮುಂಚೆ ಅಥವಾ ಅದೇ ದಿನ ಮಾಡ್ಬೇಕು. ಅಲ್ಲಿ ಥೆರಪಿ ಸಾಮಾನ್ಯವಾಗಿ ಮೊದಲನೇ ವಾರದಲ್ಲೇ ಶುರುವಾಗುತ್ತೆ, ಬ್ಯಾಂಡೇಜ್ ಬಿಚ್ಚಿದ ಮೇಲೆ ನೋಡೋಣ ಅಂದ್ರೆ ಬೆರಳು ಬಿಗಿದು ಹೋಗಿರುತ್ತೆ. ಆಪರೇಷನ್ ಮಾಡೋ ಸರ್ಜನ್ನೇ ಯಾರ ಹತ್ರ ಕಳಿಸ್ತೀರ ಸರ್ ಅಂತ ಕೇಳಿ ಹೆಸರು ಬರೆಸ್ಕೊಳ್ಳಿ.

ನಾಲ್ಕನೇ ಹೆಜ್ಜೆ: ಡಿಗ್ರಿ ನೋಡಿ

ಇದು ಮುಜುಗರ ಅನ್ಸುತ್ತೆ, ಆದ್ರೂ ಮಾಡಿ. ಆಕ್ಯುಪೇಷನಲ್ ಥೆರಪಿ ಓದಿದವರ ಡಿಗ್ರಿ ಬಿಒಟಿ, ಈಗ ಕೆಲಸ ಮಾಡ್ತಿರೋರು ಓದಿದ್ದು ಸಾಮಾನ್ಯವಾಗಿ ನಾಲ್ಕೂವರೆ ವರ್ಷದ್ದು, ಅದರಲ್ಲಿ ಆರು ತಿಂಗಳು ಇಂಟರ್ನ್‌ಶಿಪ್. ಮೇಲೆ ಓದಿದ್ರೆ ಎಂಒಟಿ. ಬಿಎಸ್ಸಿ ಆಪರೇಷನ್ ಥಿಯೇಟರ್ ಟೆಕ್ನಾಲಜಿ ಅಂತ ಒಂದು ಕೋರ್ಸ್ ಇದೆ, ಅದನ್ನೂ ಶಾರ್ಟಾಗಿ ಬಿಎಸ್ಸಿ ಓಟಿ ಅಂತಾರೆ, ಅದು ಬೇರೆಯೇ ಕೆಲಸ. ಇನ್ನು ಕೆಲವು ಥೆರಪಿ ಸೆಂಟರಲ್ಲಿ "ಆರ್‌ಸಿಐ ರಿಜಿಸ್ಟರ್ಡ್" ಅಂತ ದೊಡ್ಡದಾಗಿ ಹಾಕಿರ್ತಾರೆ. ಆರ್‌ಸಿಐ ಅನ್ನೋದು ಸ್ಪೀಚ್ ಥೆರಪಿಸ್ಟ್, ಸ್ಪೆಷಲ್ ಎಜುಕೇಟರ್, ಕ್ಲಿನಿಕಲ್ ಸೈಕಾಲಜಿಸ್ಟ್ ಇವರನ್ನ ನೋಂದಾಯಿಸೋ ಸಂಸ್ಥೆ, ಆಕ್ಯುಪೇಷನಲ್ ಥೆರಪಿ ಅದರ ಕೆಳಗೆ ಬರಲ್ಲ. ಹಾಗಾಗಿ ಆ ಬೋರ್ಡ್ ನಿಜವೇ ಇದ್ರೂ ನಿಮ್ಮ ಪ್ರಶ್ನೆಗೆ ಅದು ಉತ್ತರ ಅಲ್ಲ. ಈ ವೃತ್ತಿಯವರ ಅಖಿಲ ಭಾರತ ಸಂಘ 1952ರಿಂದ ಇದೆ, ಎಐಒಟಿಎ ಅಂತ, ಅದರ ಸದಸ್ಯತ್ವ ನಂಬರ್ ಕೇಳ್ಬೋದು. 2021ರಲ್ಲಿ ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳಿಗೆ ಅಂತಲೇ ಕೇಂದ್ರದ ಕಾಯ್ದೆ ಬಂದಿದೆ, ಆಕ್ಯುಪೇಷನಲ್ ಥೆರಪಿನೂ ಅದರಲ್ಲಿ ಸೇರಿದೆ, ರಾಜ್ಯ ಕೌನ್ಸಿಲ್‌ಗಳು ರಿಜಿಸ್ಟರ್ ಇಡ್ಬೇಕು ಅಂತ ಅದು ಹೇಳುತ್ತೆ.

ಕೇಳೋ ರೀತಿ ಇಷ್ಟೇ, "ಮೇಡಂ, ನೀವು ಬಿಒಟಿ ಎಲ್ಲಿ ಮಾಡಿದ್ದು?" ನಿಜವಾಗಿ ಓದಿರೋರು ಖುಷಿಯಿಂದ ಹೇಳ್ತಾರೆ. ಮಾತು ತಿರುಗಿಸಿದ್ರೆ ನಿಮಗೆ ಗೊತ್ತಾಗುತ್ತೆ.

ಯಾರಾದ್ರೂ ಆಟಿಸಂ ಪೂರ್ತಿ ವಾಸಿ ಮಾಡ್ತೀವಿ ಅಂದ್ರೆ, ಇಷ್ಟು ತಿಂಗಳ ಪ್ಯಾಕೇಜ್ ದುಡ್ಡು ಮುಂಚೆಯೇ ಪೂರ್ತಿ ಕಟ್ಟಿ ಅಂದ್ರೆ, ಥೆರಪಿ ರೂಮಿಗೆ ತಂದೆ ತಾಯಿ ಒಂದು ದಿನವೂ ಬರಬಾರ್ದು ಅಂದ್ರೆ ಎದ್ದು ಬನ್ನಿ. ಸ್ಟೆಮ್ ಸೆಲ್ ಹಾಕ್ತೀವಿ ಅನ್ನೋರ ಹತ್ರ ಹೋಗಲೇಬೇಡಿ. ಐಸಿಎಂಆರ್ ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕೆಲವು ಕಾಯಿಲೆಗಳಿಗೆ ಮಾಡೋ ಟ್ರಾನ್ಸ್‌ಪ್ಲಾಂಟ್ ಥರದ್ದು ಬಿಟ್ಟು ಬೇರೆ ಯಾವ ಕಾಯಿಲೆಗೂ ಅದು ಒಪ್ಪಿತ ಚಿಕಿತ್ಸೆ ಅಲ್ಲ. ಹೊಲ ಮಾರಿ ಈ ಥರದ್ದಕ್ಕೆ ದುಡ್ಡು ಹಾಕಿರೋ ಮನೆಗಳಿವೆ, ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಐದನೇ ಹೆಜ್ಜೆ: ಫೋನಲ್ಲಿ ಏನು ಹೇಳ್ಬೇಕು

ಥೆರಪಿಸ್ಟ್‌ಗಳು ಸೆಷನ್ ಮಧ್ಯೆ ಫೋನ್ ಎತ್ತಲ್ಲ, ಮೆಸೇಜ್ ಹಾಕಿ. ದೊಡ್ಡ ಕಥೆ ಬೇಡ, ಈ ಥರ ಇರ್ಲಿ: "ನಮಸ್ತೆ ಮೇಡಂ, ನಮ್ಮ ತಂದೆಗೆ 64 ವರ್ಷ, ಎರಡು ತಿಂಗಳ ಹಿಂದೆ ಸ್ಟ್ರೋಕ್ ಆಗಿದೆ, ಬಲಗೈ ಬಲಗಾಲು ವೀಕ್ ಇದೆ, ಮಾತು ಅರ್ಥ ಆಗುತ್ತೆ, ಕೋಲು ಹಿಡ್ಕೊಂಡು ನಡೀತಾರೆ, ಸ್ನಾನ ಮತ್ತು ಊಟ ತಾವೇ ಮಾಡ್ಬೇಕು ಅನ್ನೋದು ಅವರ ಆಸೆ, ಇರೋದು ಮಧುಗಿರಿಯಲ್ಲಿ, ಒಂದ್ಸಲ ಬೆಂಗಳೂರಿಗೆ ಕರ್ಕೊಂಡು ಬರ್ತೀವಿ, ಆಮೇಲೆ ವಿಡಿಯೋದಲ್ಲಿ ಫಾಲೋಅಪ್ ಮಾಡ್ತೀರಾ?" ಇಷ್ಟು ಹಾಕಿದ್ರೆ ಅವರಿಗೆ ತಮ್ಮ ಕೈಲಿ ಆಗುತ್ತೋ ಇಲ್ವೋ ಗೊತ್ತಾಗುತ್ತೆ, ಆಗದಿದ್ರೆ ಇನ್ನೊಬ್ಬರ ನಂಬರ್ ಕೊಡ್ತಾರೆ.

ಉತ್ತರ ಬಂದ ಮೇಲೆ ಫೀಸ್ ಎಷ್ಟು, ಮೊದಲನೇ ಅಸೆಸ್‌ಮೆಂಟ್ ಎಷ್ಟು ಹೊತ್ತು, ಈ ಥರದ ಪೇಷಂಟ್‌ಗಳನ್ನ ಜಾಸ್ತಿ ನೋಡಿದ್ದೀರಾ, ಮನೇಲಿ ಮಾಡೋದನ್ನ ಬರೆದು ಕೊಡ್ತೀರಾ, ಕನ್ನಡದಲ್ಲಿ ಮಾತಾಡ್ತೀರಾ ಅಂತ ಕೇಳಿ. ಈ ಕೊನೇದು ಬಹಳ ಮುಖ್ಯ. ಬೆಂಗಳೂರಲ್ಲಿ ಎಷ್ಟೋ ಥೆರಪಿಸ್ಟ್‌ಗಳು ಬೇರೆ ರಾಜ್ಯದಿಂದ ಬಂದಿರೋ ಒಳ್ಳೆಯವರೇ, ಆದ್ರೆ ಊರಿನ ಅಜ್ಜಿಗೆ ನೇರವಾಗಿ ಹೇಳಕ್ಕಾಗದಿದ್ರೆ ಅಜ್ಜಿ ಸುಮ್ನೆ ತಲೆ ಆಡಿಸ್ತಾರೆ ಅಷ್ಟೆ. ಅಂಥ ಕಡೆ ನೀವು ಜೊತೇಲಿದ್ದು ಹೇಳ್ಕೊಡ್ಬೇಕು.

ಆರನೇ ಹೆಜ್ಜೆ: ಅಸೆಸ್‌ಮೆಂಟ್ ದಿನ

ಮನೇಲಿ ದಿನಾ ಯಾರು ನೋಡ್ಕೊತಾರೋ ಅವರೇ ಬರ್ಬೇಕು. ಬೆಂಗಳೂರಿನ ಮಗ ಬಂದು ಎಲ್ಲಾ ಕೇಳಿಸ್ಕೊಂಡು ಊರಲ್ಲಿರೋ ಅಮ್ಮಂಗೆ ಫೋನಲ್ಲಿ ಹೇಳೋದು ಸಾಲಲ್ಲ. ಅಮ್ಮ, ಅತ್ತಿಗೆ, ಸೊಸೆ, ಯಾರು ಎತ್ತಿ ಕೂರಿಸ್ತಾರೋ ಅವರ ಕೈಯಲ್ಲೇ ಅಲ್ಲಿ ಮಾಡಿಸಿ ನೋಡ್ಬೇಕು. ಪೇಷಂಟ್ ಮನೇಲಿ ಹಾಕ್ಕೊಳ್ಳೋ ಬಟ್ಟೆ, ಚಪ್ಪಲಿ, ಊಟದ ತಟ್ಟೆ ಲೋಟ ತಗೊಂಡು ಹೋಗಿ. ಮಗು ಆದ್ರೆ ಅದು ಇಷ್ಟಪಡೋ ತಿಂಡಿ, ಇಷ್ಟಪಡದ ತಿಂಡಿ ಎರಡೂ, ಶಾಲೆ ನೋಟ್‌ಬುಕ್ಕೂ ಇರ್ಲಿ.

ಊರಿನ ಮನೆಯ ವಿಡಿಯೋ ಮುಂಚೆಯೇ ತೆಗೆಸಿಟ್ಕೊಳ್ಳಿ. ಹಾಸಿಗೆಯಿಂದ ಬಾತ್‌ರೂಮ್‌ವರೆಗೂ ನಡ್ಕೊಂಡು ಹೋಗ್ತಾ ಒಂದು ವಿಡಿಯೋ, ಜಗಲಿ ಮೆಟ್ಟಿಲು, ಹೊಸ್ತಿಲು, ಕಕ್ಕಸು, ಸ್ನಾನದ ಜಾಗ. ಟೇಪ್ ಹಿಡ್ದು ಬಾಗಿಲ ಅಗಲ, ಹೊಸ್ತಿಲ ಎತ್ತರ, ಮಂಚದ ಎತ್ತರ ಅಳೆಸಿ. ವೀಲ್‌ಚೇರ್ ಸಲೀಸಾಗಿ ಹೋಗೋಕೆ ಬಾಗಿಲು ಸುಮಾರು 32 ಇಂಚು ಬೇಕು, ಹಳೇ ಮನೆ ಬಚ್ಚಲು ಬಾಗಿಲು ಎಷ್ಟೋ ಕಡೆ ಅದಕ್ಕಿಂತ ಕಿರಿದು. ಮಂಚದ ಮೇಲೆ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗ್ಬೇಕು. ಜಗಲಿಗೆ ರ‍್ಯಾಂಪ್ ಮಾಡಿಸೋದಾದ್ರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಅನ್ನೋದು ಲೆಕ್ಕ, ಮೇಸ್ತ್ರಿಗೆ ಬಿಟ್ರೆ ಮೂರಡೀಲಿ ಮುಗಿಸ್ತಾರೆ, ಅದರ ಮೇಲೆ ವೀಲ್‌ಚೇರ್ ತಳ್ಳೋದು ಇರ್ಲಿ, ನಡೆಯೋದೂ ಅಪಾಯ. ಗೋಡೆಗೆ ಹಿಡಿಕೆ ಯಾವ ಎತ್ತರಕ್ಕೆ, ಯಾವ ಕಡೆಗೆ ಹಾಕಿಸ್ಬೇಕು ಅನ್ನೋದು ಮನುಷ್ಯನ ಎತ್ತರ, ಯಾವ ಕೈ ಚೆನ್ನಾಗಿದೆ ಅನ್ನೋದರ ಮೇಲೆ ಹೋಗುತ್ತೆ, ಆದ್ದರಿಂದ ಥೆರಪಿಸ್ಟ್ ವಿಡಿಯೋ ನೋಡಿ ಹೇಳಿದ ಮೇಲೇ ಡ್ರಿಲ್ ಮಾಡಿಸಿ. ಇಂಡಿಯನ್ ಟಾಯ್ಲೆಟ್ ಒಡೆಸೋಕೆ ಮುಂಚೆ ಅದರ ಮೇಲೆ ಇಡೋ ಕಮೋಡ್ ಚೇರ್ ಸಾಕಾಗುತ್ತಾ ಕೇಳಿ, ಬಹಳ ಸಲ ಸಾಕಾಗುತ್ತೆ.

ಹೊರಡೋ ಮುಂಚೆ ಮೂರು ವಿಷಯ ಕೈಗೆ ತಗೊಳ್ಳಿ: ಬರೆದಿರೋ ಹೋಮ್ ಪ್ರೋಗ್ರಾಮ್, ಪ್ರತಿ ಎಕ್ಸರ್‌ಸೈಜಿನ ವಿಡಿಯೋ ನಿಮ್ಮ ಫೋನಲ್ಲಿ, ಮತ್ತೆ ಏನೇನು ಮಾಡಬಾರ್ದು ಅನ್ನೋ ಪಟ್ಟಿ. ಮಾಡಬಾರ್ದು ಅನ್ನೋದನ್ನ ಜನ ಕೇಳಲ್ಲ, ಅದೇ ಹೆಚ್ಚು ಮುಖ್ಯ. ಉದಾಹರಣೆಗೆ ಸ್ಟ್ರೋಕ್ ಆದವರನ್ನ ಎಬ್ಬಿಸೋವಾಗ ಬಲ ಇಲ್ಲದ ಕೈ ಹಿಡ್ದು ಎಳೀಬಾರ್ದು, ಭುಜದ ಕೀಲು ಜಾರಿರೋ ಸಾಧ್ಯತೆ ಇರುತ್ತೆ, ನೋವು ಶುರುವಾದ್ರೆ ಆಮೇಲೆ ಕೈ ಮುಟ್ಟೋಕೇ ಬಿಡಲ್ಲ. ಶರ್ಟ್ ಹಾಕೋವಾಗ ವೀಕ್ ಇರೋ ಕೈ ಮೊದಲು ತೋಳಿಗೆ ಹಾಕ್ಬೇಕು, ಬಿಚ್ಚೋವಾಗ ಅದನ್ನ ಕೊನೇಲಿ ತೆಗೀಬೇಕು. ಇಷ್ಟು ಗೊತ್ತಿದ್ರೇ ಬೆಳಗಿನ ಅರ್ಧ ಜಗಳ ಕಡಿಮೆ ಆಗುತ್ತೆ.

ಏಳನೇ ಹೆಜ್ಜೆ: ಊರಿನ ಫಿಸಿಯೋನ ಜೊತೆಗೆ ಸೇರಿಸ್ಕೊಳ್ಳಿ

ಬೆಂಗಳೂರಿನ ಥೆರಪಿಸ್ಟ್ ಬರೆದುಕೊಟ್ಟಿದ್ದನ್ನ ಊರಿನ ಫಿಸಿಯೋಗೆ ತೋರಿಸಿ, ಮೂರೂ ಜನ ಇರೋ ಒಂದು ವಾಟ್ಸಾಪ್ ಗ್ರೂಪ್ ಮಾಡಿ. "ಸರ್, ಇವರು ಹೀಗೆ ಹೇಳಿದ್ದಾರೆ, ನಿಮಗೆ ಏನನ್ಸುತ್ತೆ" ಅಂತ ಮರ್ಯಾದೆಯಿಂದ ಕೇಳಿ, ದೊಡ್ಡ ಆಸ್ಪತ್ರೆಯವರು ಹೇಳಿದ್ದಾರೆ ಮಾಡಿ ಅನ್ನೋ ಥರ ಹೋಗ್ಬೇಡಿ. ಊರಲ್ಲಿ ದಿನಾ ನೋಡೋರು ಅವರು, ಅವರಿಗೆ ಬೇಜಾರಾದ್ರೆ ನಷ್ಟ ನಿಮ್ಮದು. ವಾರಕ್ಕೊಂದು ಸಣ್ಣ ವಿಡಿಯೋ ಗ್ರೂಪಿಗೆ ಹಾಕಿ, ಒಂದೇ ಕೆಲಸದ್ದು, ಅದೇ ಜಾಗದಲ್ಲಿ, ಅದೇ ಕೋನದಿಂದ. ಲೋಟ ಎತ್ತೋದು ಅಂದ್ರೆ ಪ್ರತಿ ವಾರ ಅದೇ. ಆಗ ಬದಲಾವಣೆ ಕಣ್ಣಿಗೆ ಕಾಣುತ್ತೆ, ಮನೆಯವರಿಗೂ ಧೈರ್ಯ ಬರುತ್ತೆ.

ವಿಡಿಯೋ ಕಾಲ್ ಮಾಡೋವಾಗ ಫೋನ್ ಕೈಲಿ ಹಿಡ್ಕೊಳ್ಳೋದು ಬೇಡ, ಡಬ್ಬಕ್ಕೆ ಒರಗಿಸಿಟ್ಟು ಎರಡೂ ಕೈ ಖಾಲಿ ಇಟ್ಕೊಳ್ಳಿ, ಕಿಟಕಿ ಪೇಷಂಟ್ ಎದುರಿಗಿರ್ಲಿ, ಹಿಂದೆ ಇದ್ರೆ ಬರೀ ನೆರಳು ಕಾಣುತ್ತೆ. ಮುಟ್ಟಿ ನೋಡ್ಬೇಕಾದ್ದು, ಸ್ಪ್ಲಿಂಟ್ ಸರಿ ಮಾಡ್ಬೇಕಾದ್ದು, ನುಂಗೋಕೆ ಕಷ್ಟ ಆಗಿ ಕೆಮ್ಮು ಬರೋದು ಇವೆಲ್ಲ ವಿಡಿಯೋದಲ್ಲಿ ಆಗಲ್ಲ, ನೇರವಾಗಿ ತೋರಿಸ್ಬೇಕು.

ಎಂಟನೇ ಹೆಜ್ಜೆ: ದುಡ್ಡು, ಕಾರ್ಡು, ಬಸ್ಸು

ಮೊದಲು ಯುಡಿಐಡಿ, ಅಂದ್ರೆ ಅಂಗವೈಕಲ್ಯ ಇರೋರಿಗೆ ಸರ್ಕಾರ ಕೊಡೋ ಗುರುತಿನ ಕಾರ್ಡ್ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಥರದ ವೈಕಲ್ಯ ಇದೆ, ಆಟಿಸಂ, ಪಾರ್ಕಿನ್ಸನ್ಸ್ ಕೂಡ ಸೇರಿದೆ, ಬಹಳಷ್ಟು ಸೌಲಭ್ಯಕ್ಕೆ 40 ಪರ್ಸೆಂಟ್ ಅಥವಾ ಮೇಲೆ ಇರ್ಬೇಕು. ಇದಕ್ಕೂ ಆ ಪುನರ್ವಸತಿ ಕಾರ್ಯಕರ್ತರೇ ಸಹಾಯ ಮಾಡ್ತಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರೋರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಇನ್ಶೂರೆನ್ಸ್ ಇದೆ, ವರ್ಷಕ್ಕೆ 1 ಲಕ್ಷದವರೆಗೆ, ಅಡ್ಮಿಟ್ ಆಗದೇ ತಗೊಳ್ಳೋ ಥೆರಪಿ ಖರ್ಚಿಗೂ ಅದರಲ್ಲಿ ಒಂದು ಭಾಗ ಇದೆ. ಬೇರೆ ಹೆಲ್ತ್ ಇನ್ಶೂರೆನ್ಸ್‌ಗಳಲ್ಲಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲೂ, ಹೀಗೆ ವಾರ ವಾರ ಹೋಗಿಬರೋ ಥೆರಪಿಗೆ ಸಾಮಾನ್ಯವಾಗಿ ಸಿಗಲ್ಲ, ಆದ್ದರಿಂದ ನಿರಾಮಯ ಬಿಡಬೇಡಿ. ವೀಲ್‌ಚೇರ್, ಸಿಪಿ ಚೇರ್ (ಸೆರೆಬ್ರಲ್ ಪಾಲ್ಸಿ ಮಕ್ಕಳು ಕೂರೋ ಚೇರ್) ಥರದ್ದು ಕೊಳ್ಳೋಕೆ ಮುಂಚೆ ಕೇಂದ್ರದ ಅಡಿಪ್ ಯೋಜನೆ ಕ್ಯಾಂಪ್ ಯಾವಾಗ ಅಂತ ಜಿಲ್ಲಾ ವಿಕಲಚೇತನರ ಇಲಾಖೆ ಆಫೀಸಲ್ಲಿ ಕೇಳಿ, ಆದಾಯ ಮಿತಿ ಒಳಗಿದ್ರೆ ಫ್ರೀಯಾಗಿ ಸಿಗುತ್ತೆ.

ಬೆಂಗಳೂರಲ್ಲಿ ಸಂಬಳದ ಕೆಲಸದಲ್ಲಿದ್ದು ಅಪ್ಪ ಅಮ್ಮನ್ನೋ ಮಗುವನ್ನೋ ನೋಡ್ಕೊತಿರೋರು ಹಳೇ ಟ್ಯಾಕ್ಸ್ ರೆಜೀಮಲ್ಲಿದ್ರೆ ಅವಲಂಬಿತರ ವೈಕಲ್ಯಕ್ಕೆ 75,000, ತೀವ್ರ ವೈಕಲ್ಯ ಇದ್ರೆ 1,25,000 ರೂಪಾಯಿ ಡಿಡಕ್ಷನ್ ಇದೆ, ಆಡಿಟರ್‌ನ ಕೇಳಿ. ಊರಿಂದ ಬರೋವಾಗ ಅಮ್ಮಂಗೆ ಶಕ್ತಿ ಯೋಜನೆಯಲ್ಲಿ ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಲ್ಲಿ ಟಿಕೆಟ್ ಇಲ್ಲ. ಅಂಗವಿಕಲರಿಗೆ ರಿಯಾಯಿತಿ ಬಸ್ ಪಾಸ್ ಬೇರೆ ಇದೆ, ಯುಡಿಐಡಿ ಬಂದ ಕೂಡಲೇ ಅದನ್ನೂ ಮಾಡಿಸಿ.

ಒಂಬತ್ತನೇ ಹೆಜ್ಜೆ: ಮತ್ತೆ ಯಾವಾಗ ತೋರಿಸ್ಬೇಕು

ಸ್ಟ್ರೋಕ್ ಆದ ಮೊದಲ ಕೆಲವು ತಿಂಗಳು ಸುಧಾರಣೆ ಬೇಗ ಇರುತ್ತೆ, ಆ ಸಮಯದಲ್ಲಿ ನಾಲ್ಕರಿಂದ ಆರು ವಾರಕ್ಕೊಮ್ಮೆ ಪ್ಲಾನ್ ಬದಲಾಯಿಸ್ಲೇಬೇಕು, ಅದೇ ಹಳೇ ಎಕ್ಸರ್‌ಸೈಜ್ ಮಾಡ್ತಾ ಇದ್ರೆ ಅಲ್ಲೇ ನಿಲ್ಲುತ್ತೆ. ಆಮೇಲೆ ನಿಧಾನ ಆಗುತ್ತೆ, ನಿಂತುಹೋಗಲ್ಲ, ವರ್ಷ ಆದ ಮೇಲೂ ಹೊಸ ಕೆಲಸ ಕಲಿತೋರಿದ್ದಾರೆ. ಮಕ್ಕಳಿಗೆ ಶಾಲೆ ಬದಲಾದಾಗ, ತರಗತಿ ದಾಟಿದಾಗ, ಬೆಳೆದು ಚೇರ್ ಅಥವಾ ಸ್ಪ್ಲಿಂಟ್ ಚಿಕ್ಕದಾದಾಗ ಮತ್ತೆ ಅಸೆಸ್‌ಮೆಂಟ್ ಬೇಕು. ಸ್ಪ್ಲಿಂಟ್ ಹಾಕಿದ ಜಾಗದಲ್ಲಿ ತೆಗೆದ ಅರ್ಧ ಗಂಟೆ ಆದ್ರೂ ಕೆಂಪು ಹೋಗದಿದ್ರೆ ಹಾಕೋದು ನಿಲ್ಲಿಸಿ, ಅದೇ ದಿನ ಫೋಟೋ ಕಳ್ಸಿ. ಮೊದಲು ಮಾಡ್ತಿದ್ದ ಕೆಲಸ ನಿಧಾನಕ್ಕೆ ಬಿಟ್ಟುಹೋಗ್ತಿದ್ರೆ ಥೆರಪಿಸ್ಟ್‌ಗೂ ಡಾಕ್ಟ್ರಿಗೂ ಹೇಳಿ. ಇದ್ದಕ್ಕಿದ್ದ ಹಾಗೆ ಬಾಯಿ ಸೊಟ್ಟ ಆದ್ರೆ, ಇನ್ನೊಂದು ಕೈ ಬಿದ್ರೆ, ಮಾತು ತೊದಲಿದ್ರೆ ಥೆರಪಿಸ್ಟ್‌ಗೂ ಬೇಡ, ನಿಮಗೂ ಬೇಡ, ಮೊದಲು 108ಕ್ಕೆ ಫೋನ್ ಮಾಡಿ ಅಂತ ಊರಿನ ಮನೆಯವರಿಗೆ ಈಗಲೇ ಹೇಳಿಟ್ಟಿರಿ. ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋಕೆ ಇರೋದು ನಾಲ್ಕೂವರೆ ಗಂಟೆ ಟೈಮ್, ಅದರಲ್ಲಿ ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆ ತಲುಪೋ ಹೊತ್ತೂ ಸೇರಿದೆ, ಹಾಗಾಗಿ ನಿಮ್ಮೂರಿಗೆ ಹತ್ತಿರ ಅಂಥ ಆಸ್ಪತ್ರೆ ಯಾವುದು ಅಂತ ಈ ವಾರವೇ ವಿಚಾರಿಸಿ ಗೋಡೆ ಮೇಲೆ ಬರೆಸಿ.